ವಾರೂ ಮೌಶಿ ತೆಳ್ಳಗಾದ ವರ್ಷ

ಕಾಫಿಯ ಮೊದಲ ಗುಟುಕು ಗಂಟಲಿಗಿಳಿಯುವ ಮೊದಲೇ ನನಗೆ ಸಿಟ್ಟು ಬಂತು.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನನ್ನ ತಂಗಿಯ ಮಗನ ಮನೆ. ಹನ್ನೊಂದನೆಯ ಮಹಡಿಯ ಬಾಲ್ಕನಿ, ಬೆಳಗಿನ ಗಾಳಿ, ಕೈಯಲ್ಲಿ ಬಿಸಿ ಕಪ್ಪು. ಸಿಟ್ಟಾಗಲು ಕಾರಣವೇ ಇರಲಿಲ್ಲ. ಆದರೆ ಆ ರುಚಿ! ಮೊದಲು ಸಿಹಿ ಬರುತ್ತದೆ, ನಿಜ. ಆಮೇಲೆ ಅದು ಹೋಗುವುದಿಲ್ಲ. ನಾಲಿಗೆಯ ಬುಡದಲ್ಲಿ ತಾಮ್ರದ ಕಾಸು ಇಟ್ಟಂತೆ ಕಹಿಯಾಗಿ ಕೂತುಬಿಡುತ್ತದೆ.

"ಏನ ಹಾಕೀದಿ ಇದರಾಗ?" ಎಂದೆ.

ತಂಗಿಯ ಸೊಸೆ ಪ್ರಾಚಿ ಗಾಬರಿಯಾದಳು. ಅವಳು ಕನ್ನಡದವರ ಮಗಳೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡದಲ್ಲಿ ಮಾತಾಡುವಾಗ ಒಂದೊಂದೇ ಶಬ್ದವನ್ನು ಹುಡುಕಿ ತರುತ್ತಾಳೆ. "ಸ್ವೀಟ್ನರ್, ಮೌಶಿ. ನಾವು ಎಲ್ಲಾ ಅದೇ ತಗೋತೀವಿ. ವೇಟ್‌ಗೆ... ಅಚ್ಛಾ ಅದ."

ಕಪ್ಪನ್ನು ಕೆಳಗಿಟ್ಟೆ. ಅಷ್ಟು ಜೋರಾಗಿ ಇಡಬೇಕಾಗಿರಲಿಲ್ಲ, ಕಾಫಿ ಚೆಲ್ಲಿ ಗಾಜಿನ ಮೇಜಿನ ಮೇಲೆಲ್ಲ ಹರಿಯಿತು. ಎಪ್ಪತ್ತು ದಾಟಿದ ಹೆಂಗಸು ಕಾಫಿಯ ಮೇಲೆ ಸಿಟ್ಟಾಗುವುದು ನೋಡಲು ಚೆನ್ನಾಗಿರುವುದಿಲ್ಲ. ಅದರಲ್ಲೂ ನನ್ನ ಗಾತ್ರದ ಹೆಂಗಸು. ನೋಡಿದವರು, ಪಾಪ, ಮುದುಕಿಗೆ ಸಕ್ಕರೆ ಸಿಗಲಿಲ್ಲವಂತೆ, ಅದಕ್ಕೇ ಕೂಗಾಡುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನೀವು ಮಾತ್ರ ಸ್ವಲ್ಪ ಕೂತು ಕೇಳಿ. ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ. ಕಾಫಿಯ ಮೇಲೂ ಅಲ್ಲ.

ಆ ರುಚಿಯನ್ನು ನಾನು ಮೊದಲು ಕಂಡದ್ದು ಇದೇ ಊರಿನಲ್ಲಿ, ಅರವತ್ತರ ದಶಕದ ನಡುವಿನ ವರ್ಷಗಳಲ್ಲಿ. ಆಗ ಈ ಬೋಡಕ್‌ದೇವ್ ಎಂದರೆ ಹೊಲ, ಎಮ್ಮೆ, ಬೇವಿನ ಮರ. ನಾನು ಬರೋಡಾದ ವಿಶ್ವವಿದ್ಯಾಲಯದಲ್ಲಿ ಹೋಮ್ ಸೈನ್ಸ್ ಓದುತ್ತಿದ್ದೆ. ಧಾರವಾಡದ ಹುಡುಗಿಯನ್ನು ಅಷ್ಟು ದೂರ ಕಳಿಸಲು ಅಪ್ಪ ಒಪ್ಪಿದ್ದು ಒಂದೇ ಕಾರಣಕ್ಕೆ: ಅಹಮದಾಬಾದಿನಲ್ಲಿ ವಾರೂ ಮೌಶಿ ಇದ್ದಳು. ವಾರಿಜಾ ಅವಳ ಹೆಸರು, ನನ್ನ ಅವ್ವನ ತಂಗಿ. ಮಕ್ಕಳಿರಲಿಲ್ಲ. ಬರೋಡಾದ ಫತೇಗಂಜ್‌ನ ಹಾಸ್ಟೆಲಿನ ನೀರು ಸಾರು ಸಾಕಾದಾಗಲೆಲ್ಲ ನಾನು ರೈಲು ಹತ್ತಿ ಅವಳ ಮನೆಗೆ ಓಡುತ್ತಿದ್ದೆ.

ಮೌಶಿ ದೊಡ್ಡ ಹೆಂಗಸು. ದಪ್ಪ ಎನ್ನಲು ನನಗೆ ಸಂಕೋಚವಿಲ್ಲ, ಅವಳಿಗೂ ಇರಲಿಲ್ಲ. ಅವಳು ನಕ್ಕರೆ ಭುಜ, ತೋಳು, ಹೊಟ್ಟೆ ಎಲ್ಲವೂ ನಗುತ್ತಿದ್ದವು. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಎರಡೂ ಕೈಯಲ್ಲಿ ಮುಖ ಹಿಡಿದು, "ಎಷ್ಟ ಸೊರಗೀದಿವಾ, ಅಲ್ಲೆ ಏನ್ ಹುಲ್ಲು ಹಾಕ್ತಾರೇನು ನಿಮಗ?" ಎನ್ನುತ್ತಿದ್ದಳು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಎರಡು ಮಹಡಿ ಹತ್ತುತ್ತಿದ್ದಳು, ಉಸಿರು ಏರುತ್ತಿರಲಿಲ್ಲ. ಪಕ್ಕದ ಮನೆಯ ಹಂಸಾಬೆನ್ ಜೊತೆ ಅವಳಿಗೆ ದಿನವೂ ಬೇಳೆಯ ಜಗಳ. ಹಂಸಾಬೆನ್ ದಾಲ್‌ಗೆ ಬೆಲ್ಲ ಹಾಕುತ್ತಿದ್ದರು. ಮೌಶಿ ಅದನ್ನು ರುಚಿ ನೋಡಿ, "ಇದು ಸಾರಲ್ಲ, ಪಾಯಸ" ಎಂದು ತನ್ನ ಹರಕು ಗುಜರಾತಿಯಲ್ಲಿ ತೀರ್ಪು ಕೊಡುತ್ತಿದ್ದಳು. ಮೌಶಿಯ ಸಾರು ಉಂಡ ಹಂಸಾಬೆನ್ ಕಣ್ಣಲ್ಲಿ ನೀರು ತುಂಬಿಕೊಂಡು ಮಜ್ಜಿಗೆ ಬೇಡುತ್ತಿದ್ದರು. ಇಬ್ಬರ ಗೆಳೆತನ ನಡೆದದ್ದು ಹೀಗೆ. ಕೆನೆ ಕೂಡಿಸಿ, ಕಡೆದು, ಮೌಶಿ ತುಪ್ಪ ಕಾಯಿಸಿದ ದಿನ ಆ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಇನ್ನು ಕಾಕಾ. ಮೌಶಿಯ ಗಂಡ. ಅಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಕಡ್ಡಿಯಂಥ ದೇಹ, ಇಸ್ತ್ರಿ ಮಾಡಿದ ಅಂಗಿ, ಕಡಿಮೆ ಮಾತು. ಕೆಟ್ಟ ಮನುಷ್ಯ ಎಂದುಬಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೈಯೆತ್ತಿದವರಲ್ಲ, ಬೈದವರೂ ಅಲ್ಲ. ತರಬೇತಿಗೆಂದು ಒಂದು ವರ್ಷ ವಿದೇಶಕ್ಕೆ ಹೋಗಿಬಂದರು. ಬರುವಾಗ ಸಾಮಾನಿನ ಜೊತೆ ಮೂರು ಹೊಸ ವಸ್ತು ತಂದರು: ನಿಂತು ತೂಕ ನೋಡುವ ಒಂದು ಯಂತ್ರ, ಸಕ್ಕರೆಯ ಬದಲಿಗೆ ಹಾಕುವ ಸ್ಯಾಕರಿನ್ ಗುಳಿಗೆಯ ಒಂದು ಪುಟ್ಟ ಸೀಸೆ, ಮತ್ತು ಹೆಂಡತಿಯನ್ನು ನೋಡುವ ಒಂದು ದೃಷ್ಟಿ. ಅಲ್ಲಿ ಸಹೋದ್ಯೋಗಿಗಳ ಹೆಂಡಂದಿರನ್ನು ಕಂಡು ಬಂದಿದ್ದರು. ಇಲ್ಲಿ ಸಂಸ್ಥೆಯ ಚಹಾಕೂಟಗಳಿಗೆ ವಾರೂ ಮೌಶಿಯನ್ನು ಕರೆದೊಯ್ಯುವಾಗ ಒಂದು ಹೆಜ್ಜೆ ಮುಂದೆ ನಡೆಯಲು ಶುರುಮಾಡಿದರು.

"ಮನುಷ್ಯನ ದೇಹ ಒಂದು ಎಂಜಿನ್ ಇದ್ದಂಗ," ಎಂದು ಊಟದ ಮೇಜಿನಲ್ಲಿ ವಿವರಿಸಿದರು. "ಒಳಗ ಹೋಗೋದು ಕಡಿಮಿ ಮಾಡಿದ್ರ ತೂಕ ಇಳೀಲೇಬೇಕು. ಇದರಾಗ ಅಭಿಪ್ರಾಯದ ಪ್ರಶ್ನೆ ಇಲ್ಲ."

ಅಂದಿನಿಂದ ಮೌಶಿಯ ಚಹಾಕ್ಕೆ ಸ್ಯಾಕರಿನ್, ನಾನು ಹೋದಾಗ ನನ್ನ ಚಹಾಕ್ಕೂ. ಅನ್ನಕ್ಕೆ ತುಪ್ಪ ಬಂದ್. ಪ್ರಾಣಿಗಳ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಎಂದು ಯಾವುದೋ ಪತ್ರಿಕೆಯಲ್ಲಿ ಓದಿ, ಮನೆಗೆ ವನಸ್ಪತಿಯ ಡಬ್ಬಿ ತರಿಸಿದರು. ಎಣ್ಣೆಯನ್ನು ಗಟ್ಟಿಮಾಡಿ ಬೆಳ್ಳಗೆ ಕೂರಿಸಿದ ಆ ವಸ್ತು ಬಾಣಲೆಯಲ್ಲಿ ಕರಗುವಾಗ ಮೇಣದ ವಾಸನೆ ಬರುತ್ತಿತ್ತು. ಈಗ ಡಾಕ್ಟರರು ಅದೇ ಹೃದಯಕ್ಕೆ ಹೆಚ್ಚು ಕೆಟ್ಟದ್ದು ಎನ್ನುತ್ತಾರೆ. ಕಾಕಾಗೆ ಅದು ಗೊತ್ತಿರಲಿಲ್ಲ ಎಂದು ನನಗೆ ಸಿಟ್ಟಿಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟು, ಗೊತ್ತಿಲ್ಲದ್ದನ್ನು ಅಷ್ಟು ಖಚಿತವಾಗಿ ಇನ್ನೊಬ್ಬರ ತಟ್ಟೆಗೆ ಬಡಿಸಿದ್ದಕ್ಕೆ. ಅವರ ತಟ್ಟೆಗೆ ಮಾತ್ರ ಹಂಸಾಬೆನ್ ಮನೆಯಿಂದ ತಂದ ತುಪ್ಪ ಬೀಳುತ್ತಿತ್ತು. ನಾನು ಅತ್ತ ನೋಡಿದರೆ, "ನನಗ ತೂಕದ ಪ್ರಾಬ್ಲೆಮ್ ಇಲ್ಲಲಾ," ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ತೂಕ. ಹೊರಕೋಣೆಯಲ್ಲಿ, ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವಲ್ಲಿ ಯಂತ್ರ ಇಡುತ್ತಿದ್ದರು. ಮೌಶಿ ಬಳೆ ತೆಗೆದಿಟ್ಟು ಅದರ ಮೇಲೆ ನಿಲ್ಲುತ್ತಿದ್ದಳು. ಕಾಕಾ ಬಗ್ಗಿ ಮುಳ್ಳು ನೋಡಿ ಅಂಕಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಪ್ರಯೋಗಾಲಯದಲ್ಲಿ ಓದಿದಂತೆ. ಪಕ್ಕದ ಮನೆಯ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹಂಸಾಬೆನ್‌ಗೂ ಕೇಳಿಸುತ್ತಿತ್ತು. ಆ ಹೊತ್ತಿನಲ್ಲಿ ಮೌಶಿ ಗೋಡೆ ನೋಡುತ್ತಿದ್ದಳು. ಆ ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

ಬಹಳ ತಿಂಗಳು ಏನೂ ಆಗಲಿಲ್ಲ. ಮೌಶಿ ಹಸಿದಳು, ಸಿಡುಕಿದಳು, ಓಣಿಯಲ್ಲಿ ಯಾರ ಮನೆಯಲ್ಲಿ ಏನು ಕರಿಯುತ್ತಿದ್ದಾರೆಂದು ವಾಸನೆಯಿಂದಲೇ ಹೇಳತೊಡಗಿದಳು. ಮುಳ್ಳು ಮಾತ್ರ ಅಲ್ಲೇ ಇತ್ತು. ಕಾಕಾ ಅನುಮಾನದಿಂದ ಅಡುಗೆಮನೆಯ ಡಬ್ಬಿ ಮುಚ್ಚಳ ತೆಗೆದು ನೋಡುತ್ತಿದ್ದರು. ಮುಂದಿನ ವರ್ಷ ಇದ್ದಕ್ಕಿದ್ದಂತೆ ತೂಕ ಇಳಿಯತೊಡಗಿತು. ಇಳಿಯತೊಡಗಿದ್ದು ನಿಲ್ಲಲೇ ಇಲ್ಲ.

ಎಂಥ ಸಂಭ್ರಮ ಅಂತೀರಿ! "ಕೇಟಲಾ ಪಾತಳಾ ಥಈ ಗಯಾ, ವಾರಿಜಾಬೆನ್!" ಎಂದು ಹಂಸಾಬೆನ್ ಗಲ್ಲಕ್ಕೆ ಕೈಯಿಟ್ಟುಕೊಂಡರು, ಎಷ್ಟು ತೆಳ್ಳಗಾಗಿಬಿಟ್ಟಿರಿ ಎಂದು. ಓಣಿಯ ಹೆಂಗಸರು ಗುಟ್ಟು ಕೇಳಲು ಬಂದರು. ಕಾಕಾ ಸ್ಯಾಕರಿನ್ ಸೀಸೆಯನ್ನು ಹೊರಗೆ ತಂದು ತೋರಿಸಿದರು. ಹೆಂಡತಿಗೆ ಹೊಸ ರೇಷ್ಮೆ ಸೀರೆ ತಂದರು, ಸ್ಟುಡಿಯೋಕ್ಕೆ ಕರೆದೊಯ್ದು ಫೋಟೋ ತೆಗೆಸಿದರು. ಚಹಾಕೂಟಗಳಲ್ಲಿ ಈಗ ಅವಳ ಪಕ್ಕದಲ್ಲೇ ನಡೆದರು. ಮೌಶಿಗೂ ಖುಷಿಯಾಗಿತ್ತು, ಅದನ್ನೇಕೆ ಮುಚ್ಚಿಡಲಿ? ಮದುವೆಯಾಗಿ ಅಷ್ಟು ವರ್ಷದ ಮೇಲೆ ಗಂಡ ಅವಳನ್ನು ಮೆಚ್ಚಿ ನೋಡಿದ್ದ.

ಒಂದು ದಿನ ಅವಳೊಬ್ಬಳೇ ನನ್ನನ್ನು ನೋಡಲು ಬರೋಡಾಕ್ಕೆ ಬಂದಳು. ಸ್ಟೇಶನ್ನಿನಲ್ಲಿ ನನಗೆ ತಕ್ಷಣ ಗುರುತೇ ಸಿಗಲಿಲ್ಲ. ಮುಖದಲ್ಲಿ ಮೂಗು ದೊಡ್ಡದಾಗಿತ್ತು. ರವಿಕೆಯ ತೋಳು ಜೋಲುತ್ತಿತ್ತು. ಫತೇಗಂಜ್‌ನಲ್ಲಿ ಉಡುಪಿ ಕಡೆಯವರದೊಂದು ಸಣ್ಣ ಹೋಟೆಲಿತ್ತು, ಅಲ್ಲಿಗೆ ಕರೆದೊಯ್ದೆ. ಅವಳು ಕೂತ ಕೂಡಲೇ ನೀರು ಕುಡಿದಳು. ಮತ್ತೆ ಕುಡಿದಳು. ದೋಸೆ ಬರುವ ಮೊದಲೇ ತಂಬಿಗೆ ಖಾಲಿ. ಹೋಟೆಲಿನ ಯಜಮಾನರು ಕುಂದಾಪುರದವರು, ನಗುತ್ತ, "ಅಮ್ಮ, ಬೆಳಗ್ಗಿಂದ ಬಿಸ್ಲಲ್ಲೇ ಇದ್ರಾ ಹ್ಯಾಂಗೆ?" ಎಂದು ಇನ್ನೊಂದು ತಂಬಿಗೆ ತಂದಿಟ್ಟರು.

"ಭಾಳ ನೀರಡಿಕಿ ಆಗ್ತದವಾ," ಎಂದಳು ಮೌಶಿ. "ರಾತ್ರಿ ಎದ್ದೆದ್ದು ಕುಡೀತೇನಿ. ಎದ್ದೆದ್ದು ಹೊರಗ ಹೋಗ್ತೇನಿ. ನಿದ್ದೀನ ಇಲ್ಲ."

ಮೇಜಿನ ಕೆಳಗೆ ಅವಳು ಚಪ್ಪಲಿ ಕಳಚಿದ್ದಳು. ಬಲಗಾಲಿನ ಕಿರುಬೆರಳ ಪಕ್ಕ ಒಂದು ಗಾಯ, ಅದರ ಸುತ್ತ ಕಪ್ಪು. "ಚಪ್ಪಲಿ ಕಚ್ಚಿದ್ದು. ಒಣಗವಲ್ದು ನೋಡು," ಎಂದಳು, ಬೇರೆ ಯಾರದೋ ಕಾಲಿನ ಬಗ್ಗೆ ಹೇಳುವಂತೆ.

"ಡಾಕ್ಟರಿಗೆ ತೋರಿಸಿದ್ಯಾ?"

"ನಿಮ್ಮ ಕಾಕಾಗ ಹೇಳಿದೆ. ತೂಕ ಇಳಿಯೋ ಮುಂದ ಹಂಗಽ ಅಶಕ್ತಿ ಇರ್ತದ ಅಂದ್ರು."

"ಮೌಶಿ, ಸಕ್ಕರಿ ಬ್ಯಾನಿ ಇದ್ರ?"

ಅವಳು ನಕ್ಕಳು. ನಗಲು ಈಗ ಭುಜಗಳು ಉಳಿದಿರಲಿಲ್ಲ. "ಹುಚ್ಚೀ, ನಾ ಸಕ್ಕರಿ ಮುಟ್ಟಿ ಯಾವ ಕಾಲ ಆತು? ಮುಟ್ಟದವರಿಗೆ ಎಲ್ಲಿಂದ ಬರ್ತದ?"

ನಾನು ಅವಳ ಜೊತೆಯಲ್ಲೇ ಅಹಮದಾಬಾದಿಗೆ ಹೋದೆ. ಊಟದ ಮೇಜಿನಲ್ಲಿ ಕಾಕಾಗೆ ಹೇಳಿದೆ: ನೀರಡಿಕೆ, ಗಾಯ, ನಿದ್ದೆ ಇಲ್ಲದಿರುವುದು, ಮೂತ್ರ ಪರೀಕ್ಷೆ ಮಾಡಿಸೋಣ ಎಂದು. ಅವರು ಚಪಾತಿ ಮಡಚುತ್ತ ಶಾಂತವಾಗಿ ಕೇಳಿಸಿಕೊಂಡರು.

"ಹೋಮ್ ಸೈನ್ಸ್‌ದಾಗ ಈಗ ಡಾಕ್ಟರಕೀನೂ ಕಲಸ್ತಾರೇನು?"

"ಕಾಕಾ, ಒಮ್ಮೆ ತೋರಿಸಿದ್ರ ಏನ್ ಹೋಗ್ತದ?"

"ಆಕಿ ಆರೋಗ್ಯ ಈಗಷ್ಟ ಸುಧಾರಿಸ್ಲಿಕ್ಕೆ ಹತ್ತೇದ. ನೀ ಹೆದರಿಸಬ್ಯಾಡ. ಜೀವನದಾಗ ಮೊದಲನೇ ಸಲ ಆಕಿ ಸರಿಯಾದ ತೂಕಕ್ಕ ಬಂದಾಳ."

ಮೌಶಿ ನನ್ನ ಕಾಲನ್ನು ಕಾಲಿನಿಂದ ಒತ್ತಿದಳು, ಸುಮ್ಮನಿರು ಎಂದು. ನಾನು ಸುಮ್ಮನಿರಲಿಲ್ಲ, ಕೂಗಿದೆ, ಅತ್ತುಬಿಟ್ಟೆ. ಹತ್ತೊಂಬತ್ತರ ಹುಡುಗಿಯ ಕೂಗಿಗೆ ಆ ಮನೆಯಲ್ಲಿ ಏನು ಬೆಲೆ? ಮೌಶಿಯೇ ಡಾಕ್ಟರ ಹತ್ತಿರ ಬರಲೊಲ್ಲೆ ಎಂದಳು. "ಹಂಸಾಬೆನ್ ತಮ್ಮನ ಲಗ್ನ ಮುಗೀಲಿ, ಆಮ್ಯಾಲೆ ಹೋಗೋಣಂತ," ಎಂದು ನನ್ನ ತಲೆ ಸವರಿದಳು.

ಲಗ್ನ ಇದ್ದದ್ದು ಸೂರತ್‌ನಲ್ಲಿ, ಹಂಸಾಬೆನ್‌ರ ತವರಿನಲ್ಲಿ. ನಾನು ಬರೋಡಾದಲ್ಲಿ ಅವರ ರೈಲು ಸೇರಿಕೊಂಡೆ. ಸೂರತ್‌ನವರ ಊಟದ ಬಗ್ಗೆ ಬೇರೆ ದಿನವಾಗಿದ್ದರೆ ನಿಮಗೆ ಪುಟಗಟ್ಟಲೆ ಹೇಳುತ್ತಿದ್ದೆ. ಅವರಿಗೆ ತಿನ್ನುವುದು ಚಟವಲ್ಲ, ಮರ್ಯಾದೆ. ಖೋವಾ ತುಂಬಿದ ಘಾರಿ ಎಂಬ ಸಿಹಿಯ ಮೇಲೆ ತುಪ್ಪ ಹೆಪ್ಪುಗಟ್ಟಿ ಬೆಳ್ಳಗೆ ಕೂತಿರುತ್ತದೆ, ಅದನ್ನು ಬೇಡವೆಂದರೆ ಮನೆಯವರಿಗೇ ಅವಮಾನ. ಮೌಶಿ ಬೇಡವೆಂದಳು. ಹೆಂಗಸರು ಸುತ್ತುವರಿದು ಅವಳ ಸಂಯಮವನ್ನು ಹೊಗಳಿದರು. ಒಬ್ಬಾಕೆ ಅವಳ ಸೊಂಟವನ್ನು ಎರಡು ಕೈಯಿಂದ ಅಳೆದು, ಈ ವಯಸ್ಸಿನಲ್ಲಿ ಹುಡುಗಿಯ ಸೊಂಟ ಎಂದು ಎಲ್ಲರಿಗೂ ಸಾರಿದಳು. ಕಾಕಾ ಆಚೆ ನಿಂತು ಮುಗುಳ್ನಗುತ್ತಿದ್ದರು. ಮೌಶಿ ಕಂಬಕ್ಕೆ ಆತು ನಿಂತಿದ್ದಳು. ಉಸಿರು ಆಳದಿಂದ, ಓಡಿ ಬಂದವರಂತೆ ಬರುತ್ತಿತ್ತು. ಆಮೇಲೆ ವಾಂತಿ ಮಾಡಿಕೊಂಡಳು. ಆಮೇಲೆ ನನ್ನನ್ನು ನನ್ನ ಅವ್ವನ ಹೆಸರಿನಿಂದ ಕರೆದು, "ಹಿತ್ತಲ ಬಾಗಲಾ ಹಾಕಿದ್ಯಾ?" ಎಂದು ಕೇಳಿದಳು. ಮಂಟಪದಲ್ಲಿ ಹೋಮದ ಹೊಗೆ ಏಳುತ್ತಿದ್ದಾಗಲೇ ನೆಲಕ್ಕೆ ಕುಸಿದಳು.

ಆಸ್ಪತ್ರೆಯಲ್ಲಿದ್ದವರು ಒಬ್ಬ ಹೆಂಗಸು ಡಾಕ್ಟರ್, ಬಿಳಿ ಸೀರೆ, ಗಂಟುಮುಖ. ಮೌಶಿಯ ಬಾಯಿಯ ಹತ್ತಿರ ಬಗ್ಗಿ ಮೂಸಿದರು, ಕೊಳೆತ ಹಣ್ಣಿನಂಥ ವಾಸನೆ ನನಗೂ ಬಂದಿತ್ತು. ಆಮೇಲೆ ಒಂದು ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಸೇರಿಸಿ, ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಅದನ್ನು ಕಾಕಾನ ಮುಖದ ಮುಂದೆ ಹಿಡಿದರು.

"ಡಯಾಬಿಟಿಸ್. ಬಹಳ ಮುಂದೆ ಹೋಗಿದೆ. ಎಷ್ಟು ದಿನದಿಂದ ಸಣ್ಣಗಾಗುತ್ತಿದ್ದಾರೆ?" ಎಂದು ಹಿಂದಿಯಲ್ಲಿ ಕೇಳಿದರು.

"ಸುಮಾರು ಒಂದು ವರ್ಷ. ನಾನೇ ಡಯಟ್..." ಕಾಕಾನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು. "ಸಕ್ಕರೆ ಪೂರ್ತಿ ಬಿಡಿಸಿದ್ದೆ. ಸ್ಯಾಕರಿನ್ ಕೊಡುತ್ತಿದ್ದೆ."

"ಸ್ಯಾಕರಿನ್ ಈ ರೋಗ ತರಲಿಲ್ಲ, ತಡೆಯಲೂ ಇಲ್ಲ," ಎಂದರು ಡಾಕ್ಟರ್. "ದೇಹಕ್ಕೆ ಊಟ ದಕ್ಕದೆ ತನ್ನನ್ನೇ ತಿನ್ನುತ್ತಿತ್ತು. ಇಷ್ಟು ಸಣ್ಣಗಾಗುತ್ತಿದ್ದಾರೆ, ಯಾಕೆ ಅಂತ ನಿಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲವೇ?"

ಕಾಕಾ ನನ್ನತ್ತ ನೋಡಲಿಲ್ಲ.

ಇನ್ಸುಲಿನ್ ಅವಳನ್ನು ಉಳಿಸಿತು. ಕಾಲಿನ ಎರಡು ಬೆರಳನ್ನು ಉಳಿಸಲಾಗಲಿಲ್ಲ. ಅವನ್ನು ತೆಗೆಯುವ ಹೊತ್ತಿನಲ್ಲಿ ಕಾಕಾ ಆಸ್ಪತ್ರೆಯ ಹಜಾರದ ಬೆಂಚಿನ ಮೇಲೆ ಅವಳ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಾಕೆ ಹಾಗೆ ಹಿಡಿದಿದ್ದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ. ಆಗ ನನ್ನ ಸಿಟ್ಟು ಬಹುಪಾಲು ಇಳಿದುಹೋಗಿತ್ತು. ಅವರು ಅಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧವನ್ನು ನಾನು ಬರೆಯುತ್ತಲೇ ಇರಲಿಲ್ಲ.

ಮನೆಗೆ ಬಂದ ಮೇಲೆ ಮೌಶಿ ಗಾಜಿನ ಸಿರಿಂಜನ್ನು ತಾನೇ ಕುದಿಸಿ, ತಾನೇ ತೊಡೆಗೆ ಚುಚ್ಚಿಕೊಳ್ಳಲು ಕಲಿತಳು. ಕಾಕಾ ಸಹಾಯಕ್ಕೆ ಬಂದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಡಾಕ್ಟರು ಹೇಳಿದ ಅಳತೆಯಲ್ಲಿ ಭಕ್ಕರಿ, ಪಲ್ಯ, ಒಂದು ಚಮಚ ಮನೆಯ ತುಪ್ಪ. ವನಸ್ಪತಿಯ ಡಬ್ಬಿ ಹೊರಗೆ ಹೋಯಿತು. ಕೆನ್ನೆ ನಿಧಾನವಾಗಿ ತುಂಬಿಕೊಂಡಿತು, ರವಿಕೆಯ ಹೊಲಿಗೆ ಬಿಚ್ಚುವಂತಾಯಿತು. ಒಂದು ದಿನ ಕಾಕಾ ಪತ್ರಿಕೆಯ ಮೇಲಿನಿಂದ ನೋಡಿ, "ಮತ್ತ ದಪ್ಪ ಆಗ್ಲಿಕ್ಕೆ ಹತ್ತೀ," ಎಂದರು.

"ಹೌದ್ರಿ," ಎಂದಳು ಮೌಶಿ. "ಬದುಕ್ಲಿಕ್ಕೆ ಹತ್ತೇನಿ."

ಆದರೆ ಕಾಕಾಗೆ ಒಂದು ವಿವರಣೆ ಬೇಕಿತ್ತು. ವಿಜ್ಞಾನಿಯಲ್ಲವೇ? ತನ್ನ ಪ್ರಯೋಗ ಹೀಗೇಕಾಯಿತೆಂದು ಸಂಸ್ಥೆಯವರಿಗೆ, ನೆರೆಯವರಿಗೆ ಏನಾದರೂ ಹೇಳಬೇಕಿತ್ತು. ಆ ದೀಪಾವಳಿಗೆ ಮನೆಗೆ ಬಂದ ಸಹೋದ್ಯೋಗಿಗಳು, ಅವರ ಹೆಂಡಂದಿರು, ಹಂಸಾಬೆನ್ ಎಲ್ಲ ಕೂತಿದ್ದಾಗ ಕಾಕಾ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ: ಇವಳ ತವರಿನವರಿಗೆ ಮೊದಲಿನಿಂದಲೂ ಸಿಹಿಯ ಹುಚ್ಚು, ಧಾರವಾಡದಲ್ಲಿ ಪೇಡೆ ತಿಂದೇ ಬೆಳೆದವಳು, ನಾನು ಎಷ್ಟು ನಿರ್ಬಂಧ ಮಾಡಿದರೂ ಕದ್ದು ತಿನ್ನುತ್ತಿದ್ದಳು, ಅದಕ್ಕೇ ಹೀಗಾಯಿತು! ಎಲ್ಲರೂ ತಲೆದೂಗಿದರು. ಕನಿಕರದಿಂದ, ಸ್ವಲ್ಪ ತಮಾಷೆಯಿಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮೌಶಿ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುವುದು ಕಂಡಿತು. ತಟ್ಟೆಯನ್ನು ನೆಲದ ಮೇಲಿಟ್ಟಳು. ಕುಂಟುತ್ತ ನಡುಮನೆಗೆ ಬಂದಳು.

"ಸುಳ್ಳ ಹೇಳಬ್ಯಾಡ್ರಿ," ಎಂದಳು ಕನ್ನಡದಲ್ಲಿ. ಆಮೇಲೆ ಎಲ್ಲರಿಗೂ ತಿಳಿಯಲೆಂದು ತನ್ನ ಹಿಂದಿ, ಗುಜರಾತಿ ಎರಡನ್ನೂ ಕೂಡಿಸಿಕೊಂಡು, ತಡವರಿಸುತ್ತ, ಆದರೆ ನಿಲ್ಲಿಸದೆ ಹೇಳಿದಳು. "ನಾನು ಒಂದು ಚೂರೂ ಕದ್ದು ತಿನ್ನಲಿಲ್ಲ. ತಿನ್ನಬೇಕಿತ್ತು ಅಂತ ಈಗ ಅನಿಸ್ತದೆ. ದಪ್ಪ ಇದ್ದಾಗ ತಪ್ಪು ನನ್ನದು ಅಂದಿರಿ. ರೋಗ ಬಂದಾಗಲೂ ತಪ್ಪು ನನ್ನದೇ ಅಂತೀರಿ. ನಡುವೆ ಒಂದು ವರ್ಷ ನಾನು ಸಾಯ್ತಾ ಇದ್ದೆ. ಆ ಒಂದು ವರ್ಷ ನೀವೆಲ್ಲ ಚೆಂದ ಕಾಣ್ತೀ ಅಂದಿರಿ."

ಹಂಸಾಬೆನ್ ಮೊದಲು ಎದ್ದರು. ಬಂದು ಮೌಶಿಯ ಪಕ್ಕ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, "ಮೈಂ ಭೀ ಬೋಲೀ ಥೀ," ನಾನೂ ಹಾಗೇ ಅಂದಿದ್ದೆ, ಎಂದರು. ಆ ಕೋಣೆಯಲ್ಲಿ ಅಷ್ಟನ್ನಾದರೂ ಹೇಳಿದವರು ಅವರೊಬ್ಬರೇ. ಕಾಕಾ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ಪಟಾಕಿ ನೋಡುತ್ತ ನಿಂತರು. ಮುಂದೆ ಆ ಕಥೆಯನ್ನು ಅವರು ಯಾರ ಮುಂದೆಯೂ ಹೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ, ಕೊನೆಯವರೆಗೂ. ಮೌಶಿ ಮುಂದೆ ಬಹಳ ವರ್ಷ ಬದುಕಿದಳು, ಕುಂಟುತ್ತ, ಗಟ್ಟಿಯಾಗಿ ಜಗಳವಾಡುತ್ತ, ತನ್ನ ಗಾತ್ರದಲ್ಲಿ.

ಇದನ್ನೆಲ್ಲ ಪ್ರಾಚಿಗೆ ಹೇಳಿದೆ. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮೇಜು ಒರೆಸುತ್ತ ಕೇಳಿದಳು. ನಿನ್ನ ಮೇಲೆ ಕೂಗಬಾರದಿತ್ತು ಎಂದೆ. ಸಂಜೆ ಇಬ್ಬರೂ ತರಕಾರಿ ತರಲು ಇಳಿದೆವು. ಮರಳುವಾಗ ಲಿಫ್ಟಿನಲ್ಲಿ ಕೆಳಮಹಡಿಯ ಒಬ್ಬ ಗೃಹಸ್ಥರು ಸಿಕ್ಕರು. ಒಳ್ಳೆಯ ಮನುಷ್ಯ, ಕೈಯಲ್ಲಿ ಹಾಲಿನ ಚೀಲ. ಪ್ರಾಚಿಯನ್ನು ಮೇಲಿಂದ ಕೆಳಗೆ ನೋಡಿ ಹೆಬ್ಬೆರಳೆತ್ತಿ, ಇಷ್ಟು ತೂಕ ಇಳಿಸಿದ ಗುಟ್ಟೇನೆಂದು ಕೇಳಿದರು: "ವಾಹ್! ವೇಟ್ ಬಹುತ್ ಕಮ್ ಕಿಯಾ ಆಪ್ನೇ! ಕ್ಯಾ ಸೀಕ್ರೆಟ್ ಹೈ?"

ಪ್ರಾಚಿ ನಕ್ಕಳು. ನಾನು ಬೆಳಿಗ್ಗೆಯಿಂದ ಎದುರಿಗೇ ಕೂತಿದ್ದರೂ ಎದ್ದು ನಿಂತಿದ್ದ ಅವಳ ಕೊರಳೆಲುಬುಗಳನ್ನು ಸರಿಯಾಗಿ ನೋಡಿದ್ದು ಆಗಲೇ.

"ಭಾಈ," ಎಂದೆ ನನ್ನ ಹಳೆಯ ಗುಜರಾತಿಯಲ್ಲಿ, "ಹೆಂಗಸರಿಗೆ ಹಾಗೆ ಹೇಳಬೇಡಿ. ನಿಮ್ಮ ಭಾಷೆಯಲ್ಲಿ ಅಷ್ಟು ಚೆಂದದ ಮಾತಿದೆಯಲ್ಲ, ಕೇಮ್ ಛೋ, ಹೇಗಿದ್ದೀರಿ ಅಂತ. ಅದನ್ನೇ ಕೇಳಿ."

ಅವರು ಪೆಚ್ಚಾಗಿ ತಮ್ಮ ಮಹಡಿಯಲ್ಲಿ ಇಳಿದುಹೋದರು. ಬಾಗಿಲು ಮುಚ್ಚಿತು. ಲಿಫ್ಟಿನ ಕನ್ನಡಿಯಲ್ಲಿ ನಾವಿಬ್ಬರೇ.

"ಕೇಮ್ ಛೋ, ಪ್ರಾಚಿ?" ಎಂದೆ.

ಈ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ, ಮಗುವಿಗೂ ಬಾಯಿಪಾಠ: ಮಜಾಮಾ, ಮಜವಾಗಿದ್ದೇನೆ. ಹನ್ನೊಂದನೆಯ ಮಹಡಿ ಬಂತು. ಬಾಗಿಲು ತೆರೆಯಿತು, ಮತ್ತೆ ಮುಚ್ಚಿತು. ಅವಳು ಮಜಾಮಾ ಎನ್ನಲಿಲ್ಲ.